ಆಯುಧಪೂಜೆಯ ಮುನ್ನಾದಿನ ನಾನು ಅಳಿಸಿದ್ದು

ಕೊಳಕು ಕಂಡರೆ ನನಗೆ ಆಗುವುದಿಲ್ಲ. ಇದು ನನ್ನ ದೊಡ್ಡ ಗುಣವೆಂದು ಬಹಳ ವರ್ಷ ನಂಬಿಕೊಂಡಿದ್ದೆ. ಪಾಂಡವಪುರದ ಒಂದು ಪ್ರೆಸ್ಸಿನಲ್ಲಿ ಹದಿನೆಂಟು ವರ್ಷ ಮೊಳೆ ಜೋಡಿಸಿದವನು ನಾನು. ಮೊಳೆ ಅಂದರೆ ಸೀಸದ ಅಕ್ಷರ. ಮರದ ಕೇಸಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದೊಂದು ಪುಟ್ಟ ಮನೆ. ಅಲ್ಲಿಂದ ಹೆಕ್ಕಿ ಸಾಲು ಕಟ್ಟುವುದು, ಅಚ್ಚಾದ ಮೇಲೆ ಬಿಚ್ಚಿ ಮತ್ತೆ ಅದರದರ ಮನೆಗೇ ಹಾಕುವುದು, ಇಷ್ಟೇ ಕೆಲಸ. ಒಂದು ಸೈಜಿನ ಮೊಳೆಗಳ ಜೊತೆ ಇನ್ನೊಂದು ಸೈಜಿನದು ಬೆರೆತಿರುವುದು ಕಂಡರೆ ಸಾಕು, ಅವತ್ತು ನನ್ನ ಬಾಯಿಗೆ ಸಿಕ್ಕಿದವರ ಕತೆ ಮುಗಿಯಿತು. ಯಜಮಾನರೇ ಬಂದವರಿಗೆಲ್ಲ, "ಅವನ ಕೇಸಿನ ತಾವ ಓಗ್ಬೇಡ್ರಪ್ಪ, ಸಿಗಿದು ತೋರಣ ಕಟ್ಬುಡ್ತಾನೆ" ಎಂದು ಹೇಳಿ ನಗುತ್ತಿದ್ದರು.

ತೊಂಬತ್ತರ ದಶಕದ ನಡುವಿನಲ್ಲಿ ಆ ಪ್ರೆಸ್ಸಿಗೆ ಕಂಪ್ಯೂಟರ್ ಬಂತು. ಹೊಸದೇನಲ್ಲ. ಮೈಸೂರಿನಲ್ಲಿ ಯಾರೋ ತಮ್ಮ ಆಫೀಸಿನಲ್ಲಿ ಬಳಸಿ ಬೇಡವೆಂದು ಬಿಟ್ಟದ್ದನ್ನು ಯಜಮಾನರು ಯುಗಾದಿ ಕಳೆದ ವಾರ ತಂದು, ಕಾಲಲ್ಲಿ ತುಳಿದು ಅಚ್ಚು ಹಾಕುವ ಟ್ರೆಡಲ್ ಮಿಷನ್ನಿನ ಎದುರಿಗೆ ಪ್ರತಿಷ್ಠಾಪಿಸಿದರು. ನನ್ನನ್ನು ಮಂಡ್ಯಕ್ಕೆ ಮೂರು ತಿಂಗಳ ಕೋರ್ಸಿಗೆ ಕಳಿಸಿದರು. ನಲವತ್ತು ದಾಟಿದ ನಾನು, ಮೀಸೆ ಸರಿಯಾಗಿ ಮೂಡದವನೊಬ್ಬನ ಮುಂದೆ ಕೈಕಟ್ಟಿ ಕೂತು ಕಲಿತೆ. ಕಲಿತದ್ದು ಡಾಸ್ ಎಂಬುದನ್ನು. ಕಂಪ್ಯೂಟರ್ ಎದ್ದ ಕೂಡಲೇ ಅದರ ಕೈಕಾಲು ಆಡುವಂತೆ ಮಾಡುವುದೇ ಡಾಸು. ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಅಪ್ಪಣೆ ಟೈಪ್ ಮಾಡಿದರೆ ಹೇಳಿದಂತೆ ಕೇಳುತ್ತದೆ. ಅದರ ಮೇಲೆ ಕನ್ನಡ ಬರೆಯುವುದಕ್ಕೆ ಬೇರೊಂದು ಸಾಫ್ಟ್‌ವೇರ್. ಪಾಠವನ್ನೆಲ್ಲ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡು ಬಂದೆ. ಏನು ಮಾಡಬೇಕೆಂದು ಅವರು ಹೇಳಿಕೊಟ್ಟರು. ಏನು ಮಾಡಬಾರದೆಂದು ನಾನು ಕೇಳಲಿಲ್ಲ.

ಕಂಪ್ಯೂಟರಿನಲ್ಲಿ ನಾನು ಕೈ ಹಾಕಿದ ಮೊದಲ ದೊಡ್ಡ ಕೆಲಸ ಅರಕೆರೆಯ ಮೇಷ್ಟ್ರ ಪುಸ್ತಕ. ಮೇಷ್ಟ್ರು ರಿಟೈರಾಗಿ ಏಳೆಂಟು ವರ್ಷವಾಗಿತ್ತು. ತಮ್ಮೂರಿನ ಹೊಲಗದ್ದೆಗಳಿಗೆಲ್ಲ ಒಂದೊಂದು ಹೆಸರಿದೆಯಲ್ಲ, ಆ ಹೆಸರು ಏಕೆ ಬಂತೆಂದು ಊರಿನ ಮುದುಕರನ್ನು ಕೇಳಿ ಕೇಳಿ ಬರೆದಿಟ್ಟಿದ್ದರು. ಬೆಂಕಿಪೊಟ್ಟಣದ ಗದ್ದೆ ಅಂತ ಒಂದು. ಅಣ್ಣತಮ್ಮಂದಿರು ಪಾಲಾಗುವಾಗ ಉಳಿದ ಒಂದು ಪಟ್ಟೆ ಯಾರಿಗೆಂದು ಬಗೆಹರಿಯದೆ, ಬೆಂಕಿಪೊಟ್ಟಣ ಮೇಲಕ್ಕೆ ಚಿಮ್ಮಿ ಅದು ಬಿದ್ದ ಮಗ್ಗುಲು ನೋಡಿ ತೀರ್ಮಾನ ಮಾಡಿದ್ದರಂತೆ. ಸೊಸೆ ಮುನಿದ ಗದ್ದೆ ಅಂತ ಇನ್ನೊಂದು. ನಾಟಿ ನಡುವೆ ಅತ್ತೆಯ ಮಾತಿಗೆ ಸಿಟ್ಟಾದ ಸೊಸೆ ಪೈರಿನ ಕಟ್ಟು ಅಲ್ಲೇ ಎಸೆದು ಹೋದಳು, ಆ ವರ್ಷ ಗದ್ದೆಯ ಒಂದು ಮೂಲೆ ಖಾಲಿ ಉಳಿಯಿತು. ಹೀಗೆ ಹತ್ತು ಅಧ್ಯಾಯಕ್ಕಾಗುವಷ್ಟು. ಹೇಳಿದ ಮುದುಕರಲ್ಲಿ ಮುಕ್ಕಾಲು ಪಾಲು ಆಗಲೇ ತೀರಿಕೊಂಡಿದ್ದರು.

ಮೇಷ್ಟ್ರ ಕಣ್ಣು ಹೋಗುತ್ತಿತ್ತು. "ಅಕ್ಕಪಕ್ಕದ್ದು ಏನೂ ಕಾಣಾಕಿಲ್ಲ ಕಣಪ್ಪ. ಮುಂದ್ಗಡೆ ಒಂದು ಕಿಂಡಿ ಅದೆ, ಅಷ್ಟೆ. ಅದೂ ದಿನದಿನಕ್ಕೆ ಕಿರಿದಾಯ್ತಾ ಅದೆ" ಎನ್ನುತ್ತಿದ್ದರು. ಹೋದದ್ದು ಮರಳಿ ಬರುವುದಿಲ್ಲವೆಂದು ಮೈಸೂರಿನ ಡಾಕ್ಟರು ಮುಖಕ್ಕೇ ಹೇಳಿದ್ದರಂತೆ. ಕಿಂಡಿ ಮುಚ್ಚುವುದರೊಳಗೆ ಪುಸ್ತಕವನ್ನು ಕಣ್ಣಾರೆ ನೋಡಬೇಕು, ಅವರಿಗಿದ್ದ ಆಸೆ ಅದೊಂದೇ. ಸೋಮವಾರ, ಗುರುವಾರ ಅರಕೆರೆಯಿಂದ ಬಸ್ಸು ಹತ್ತಿ, ಶ್ರೀರಂಗಪಟ್ಟಣದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಕೊಡೆಯನ್ನು ಕೋಲಿನಂತೆ ಊರಿಕೊಂಡು ಬರುತ್ತಿದ್ದರು. ತಮ್ಮ ಬರಹ ತಮಗೇ ಓದಲಾಗದು. ಹಾಳೆಯನ್ನು ನಾನು ಹಿಡಿದು ಗುರುತಾದಷ್ಟನ್ನು ಓದುವೆ. ಅದು ನೆಪ ಮಾತ್ರ, ಒಂದು ಪದ ಕಿವಿಗೆ ಬಿದ್ದರೆ ಮಿಕ್ಕದ್ದನ್ನು ಅವರೇ ಹೇಳುವರು. ನಾನು ಟೈಪ್ ಮಾಡುವೆ, ಆಮೇಲೆ ಪರದೆ ನೋಡಿ ಓದಿ ಹೇಳುವೆ. ಅವರು ಸರಿ ಎಂದರೆ ಮುಂದಕ್ಕೆ. ಪ್ರೂಫ್ ತೆಗೆದರೆ ತಿದ್ದುವವರು ಯಾರು? ಕಾಗದ ದಂಡವೆಂದು ತೆಗೆಯಲಿಲ್ಲ.

ಆ ಹಾಳೆಗಳ ಪಾಡು ಏನಾಯಿತೆಂದೂ ಹೇಳಿಬಿಡಬೇಕು. ಪ್ರೆಸ್ಸಿನಲ್ಲಿ ಜೋಡಣೆ ಮುಗಿದು ಒಪ್ಪಿಗೆಯಾದ ಬರಹಕ್ಕೆ ಬೆಲೆ ಇಲ್ಲ. ಅದು ಹೋಗುವುದು ಟ್ರೆಡಲ್ಲಿನ ಮಸಿ ಒರೆಸಲು. ಮೇಷ್ಟ್ರು ಹಳೇ ಹಾಜರಿ ಪುಸ್ತಕದ ಹಾಳೆಗಳ ಹಿಂಬದಿಯಲ್ಲಿ ಬರೆದಿದ್ದನ್ನೆಲ್ಲ, ಅಧ್ಯಾಯ ಮುಗಿದಂತೆ ಮುಗಿದಂತೆ, ನಾನು ಮಸಿ ಒರೆಸಿ ಹಾಕಿದೆ. ಅವರಿಗೂ ಗೊತ್ತಿತ್ತು, ಅವರೇನೂ ಅನ್ನಲಿಲ್ಲ. ಸೀಸದ ಕಾಲದಲ್ಲಿ ಕಟ್ಟಿಟ್ಟ ಪುಟ ತಾನಾಗಿ ಎಲ್ಲಿಗೂ ಹೋಗುತ್ತಿರಲಿಲ್ಲ. ಇದೂ ಹಾಗೆಯೇ ಎಂದುಕೊಂಡಿದ್ದೆವು. ದಸರಾ ಹೊತ್ತಿಗೆ ಒಂಬತ್ತು ಅಧ್ಯಾಯ ಮುಗಿದು ಕೊನೆಯದೊಂದು ಬಾಕಿ ಇತ್ತು.

ಆಯುಧಪೂಜೆಯ ಮುನ್ನಾದಿನ ಪ್ರೆಸ್ಸಿನಲ್ಲಿ ಅಚ್ಚಿನ ಕೆಲಸ ಇಲ್ಲ, ತೊಳೆಯುವ ಕೆಲಸ. ಟ್ರೆಡಲ್ಲಿಗೆ ಸೀಮೆಎಣ್ಣೆ ಸ್ನಾನ. ಕೇಸುಗಳನ್ನೆಲ್ಲ ಹೊರಗೆಳೆದು ತಿದಿಯಿಂದ ದೂಳು ಊದುವುದು, ಒಂದೊಂದು ಮನೆಯನ್ನೂ ಕೆದಕಿ ಅದಕ್ಕೆ ಸೇರದ ಮೊಳೆ ಇದ್ದರೆ ಹೆಕ್ಕಿ ಡಬ್ಬಕ್ಕೆ ಎಸೆಯುವುದು. ಹದಿನೆಂಟು ವರ್ಷವೂ ಅದನ್ನು ನಾನೇ ಮಾಡಿದ್ದೆ, ಬೇರೆಯವರು ಮುಟ್ಟಿದರೆ ನನಗೆ ಸಮಾಧಾನವಿಲ್ಲ. ಆ ಸಲ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಕಂಪ್ಯೂಟರಿನ ಗಾಜು ಒರೆಸಿದೆ, ಕೀಲಿಮಣೆಯನ್ನು ಬ್ರಷ್ಷಿನಿಂದ ಗುಡಿಸಿದೆ. ಯಜಮಾನರು ಮಾವಿನೆಲೆ, ಬಾಳೆಕಂಬ ತರಲು ಹೋಗಿದ್ದರು. ಹೊರಗೆ ಇಷ್ಟು ಚೊಕ್ಕಟ ಮಾಡಿದ ಮೇಲೆ ಒಳಗಿನದನ್ನು ಹಾಗೇ ಬಿಡುವುದೇ ಎನ್ನಿಸಿತು.

ಒಳಗಿದ್ದದ್ದು ಏನು? ಮೈಸೂರಿನ ಆ ಹಳೇ ಆಫೀಸಿನವರ ಕಾಗದಪತ್ರ ಒಂದು ಫೋಲ್ಡರಿನ ತುಂಬ. ಬೇರೆ ಮನೆಯ ಕಸ ನಮ್ಮ ಮನೆಯಲ್ಲಿ. ಇಡೀ ಫೋಲ್ಡರನ್ನೇ ಒಂದು ಅಪ್ಪಣೆಯಲ್ಲಿ ಅಳಿಸಿದೆ. ಖಂಡಿತವೇ ಎಂದು ಕೇಳಿತು, ಖಂಡಿತ ಎಂದೆ. ಅಷ್ಟಕ್ಕೇ ಏಳಬಹುದಿತ್ತು. ಆದರೆ ಫೈಲುಗಳ ಪಟ್ಟಿಯಲ್ಲಿ ಒಂದೊಂದರ ಎದುರಿಗೂ ತಾರೀಖು ಇರುತ್ತದೆ. ನೋಡುತ್ತೇನೆ, ನಾವು ಕಂಪ್ಯೂಟರ್ ತಂದ ಯುಗಾದಿಗಿಂತ ಎಷ್ಟೋ ಹಿಂದಿನ ತಾರೀಖಿನವು ಇನ್ನೂ ಹತ್ತಾರು ಕೂತಿವೆ. ನಾನು ಮಾಡಿದ್ದಲ್ಲ, ಯಜಮಾನರು ಮಾಡಿದ್ದಲ್ಲ. ಹಾಗಿದ್ದ ಮೇಲೆ ಅವೂ ಆ ಆಫೀಸಿನವರ ಕಸವೇ ಸೈ. ಕನ್ನಡ ಸಾಫ್ಟ್‌ವೇರಿನ ಫೋಲ್ಡರ್ ಗೊತ್ತಿತ್ತು, ಅದನ್ನು ಮುಟ್ಟಲಿಲ್ಲ. ಮಿಕ್ಕದ್ದನ್ನು ಒಂದೊಂದಾಗಿ ಹೆಕ್ಕಿದೆ.

ಕೋರ್ಸಿನಲ್ಲಿ ಬಚ್ಚಿಟ್ಟ ಫೈಲುಗಳನ್ನು ಕಾಣಿಸುವ ಅಪ್ಪಣೆಯೊಂದನ್ನು ಹೇಳಿಕೊಟ್ಟಿದ್ದರು. ನೋಟ್‌ಬುಕ್ ತೆಗೆದು ಅದನ್ನೂ ಕೊಟ್ಟೆ. ಎರಡು ಮೂರು ಫೈಲು ತಲೆ ಎತ್ತಿದವು. ಅವೂ ಹಳೇ ತಾರೀಖಿನವೇ. ನನಗೆ ಸಿಟ್ಟೇ ಬಂತು. ನೆಟ್ಟಗಿರುವುದನ್ನು ಯಾರಾದರೂ ಬಚ್ಚಿಡುತ್ತಾರೆಯೆ? ಅವನ್ನೂ ಅಳಿಸಿದೆ. ಕಂಪ್ಯೂಟರ್ ಏನೂ ತಕರಾರು ಮಾಡಲಿಲ್ಲ, ಎದುರಿಗೆ ಮೊದಲಿನ ಹಾಗೇ ಕೂತಿತ್ತು. ಡಾಸು ಎದ್ದು ಕೂತ ಮೇಲೆ ತನಗೆ ಬೇಕಾದ್ದನ್ನು ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ, ಬೇರು ಕತ್ತರಿಸಿದರೂ ಆರಿಸುವ ತನಕ ಬಾಡುವುದಿಲ್ಲ ಎಂಬುದು ಗೊತ್ತಾದದ್ದು ಆಮೇಲೆ. ನಾನು ಆರಿಸಿ, ಬಟ್ಟೆ ಹೊದಿಸಿ, ಕೈ ತೊಳೆದುಕೊಂಡೆ. ಅವತ್ತಿನಷ್ಟು ತೃಪ್ತಿಯಿಂದ ನಾನು ಮನೆಗೆ ಹೋದದ್ದು ಕಡಿಮೆ.

ಮರುದಿನ ಪೂಜೆಗೆ ಮೇಷ್ಟ್ರೂ ಬಂದಿದ್ದರು. ಯಜಮಾನರು, "ಮೇಷ್ಟ್ರೇ, ದೊಡ್ಡೋರು ನೀವು ಇರುವಾಗ ನಾನ್ಯಾಕೆ? ನೀವೇ ಮಾಡಿ" ಎಂದು ನೀರಿನ ಚೊಂಬು, ಮಾವಿನ ಸೊಪ್ಪು ಅವರ ಕೈಗೇ ಕೊಟ್ಟರು. ಮೇಷ್ಟ್ರಿಗೆ ಬಹಳ ಖುಷಿಯಾಯಿತು. ಟ್ರೆಡಲ್ಲಿಗೆ ಚಿಮುಕಿಸಿದರು, ಕಟಿಂಗ್ ಮಿಷನ್ನಿಗೆ ಚಿಮುಕಿಸಿದರು. ಕಂಪ್ಯೂಟರಿನ ಹತ್ತಿರ ಬಂದಾಗ ಅಂದಾಜು ತಪ್ಪಿತು. ಸೊಪ್ಪನ್ನು ಚೊಂಬಿನಲ್ಲಿ ಅದ್ದಿ ಒದರಿದ ರಭಸಕ್ಕೆ ಡಬ್ಬದ ನೆತ್ತಿಯ ಮೇಲೆ ನೀರು ಪಟಪಟನೆ ಬಿತ್ತು. ನಾನು ಹಾರಿ ಹೋಗಿ ಒರೆಸಿದೆ. ಒರೆಸಿ ಸುಮ್ಮನಿದ್ದರೆ ನಾನು ನಾನೇ ಅಲ್ಲವಲ್ಲ. "ಏನ್ ಮೇಷ್ಟ್ರೇ ಇದು! ಎಮ್ಮೆ ಮೈ ತೊಳೆದಂಗೆ ಉಯ್ದ್ಬುಟ್ರಲ್ಲ!" ಎಂದು ಎಲ್ಲರ ಮುಂದೆ ರೇಗಿದೆ. ಅವರು ಪೆಚ್ಚಾಗಿ, "ಕಾಣ್ನಿಲ್ಲ ಕಣಪ್ಪ" ಎಂದರು. ಕೀಲಿಮಣೆಯ ಮೇಲೆ ಒಂದು ಕೈ ಊರಿ, ತಡವಿಕೊಂಡು ಕುಂಕುಮ ಇಟ್ಟರು. ಪೂಜೆ ಮಾಡಿದ ಸಲಕರಣೆಯನ್ನು ಅವತ್ತು ಮುಟ್ಟುವ ಹಾಗಿಲ್ಲ. ಹೂವು ಮುಡಿದುಕೊಂಡು ಅದು ಇಡೀ ದಿನ ಸುಮ್ಮನೆ ಕೂತಿತ್ತು.

ವಿಜಯದಶಮಿ ಬೆಳಿಗ್ಗೆ ಕೊನೆಯ ಅಧ್ಯಾಯ ಶುರು ಮಾಡುವುದೆಂದು ಮೊದಲೇ ಮಾತಾಗಿತ್ತು. ಮೇಷ್ಟ್ರು ಮೊದಲ ಬಸ್ಸಿಗೇ ಬಂದು ಕೂತಿದ್ದರು. ನಾನು ಸ್ವಿಚ್ ಹಾಕಿದೆ. ಫ್ಯಾನ್ ಗುಂಯ್ ಎಂದಿತು. ಪರದೆಯ ಮೇಲೆ ಎರಡು ಸಾಲು ಇಂಗ್ಲಿಷ್ ಬಂದು ನಿಂತಿತು. ಇದು ಸಿಸ್ಟಮ್ ಇರುವ ಡಿಸ್ಕಲ್ಲ, ಅಥವಾ ಡಿಸ್ಕ್ ಕೆಟ್ಟಿದೆ, ಬೇರೆ ಹಾಕಿ ಯಾವುದಾದರೂ ಕೀಲಿ ಒತ್ತಿ ಎಂದು. ಒತ್ತಿದೆ. ಅದೇ ಸಾಲು. ಯಜಮಾನರೂ ಒಂದು ಒತ್ತಿದರು. ಅದೇ ಸಾಲು. ಆರಿಸಿ ಹಾಕಿದರೂ ಅದೇ.

"ನೀರು ಇಳಿದ್ಬುಟ್ಟದೆ" ಎಂದರು ಯಜಮಾನರು.

ಮೇಷ್ಟ್ರು ಎದ್ದು ನಿಂತರು. "ನಾನೇ ಆಳ್ಮಾಡ್ಬುಟ್ನಾ?"

ನನಗೆ ಆಗಲೇ ತಿಳಿದಿರಲಿಲ್ಲ ಎಂದರೆ ಸುಳ್ಳಾದೀತು. ಸಿಸ್ಟಮ್ ಇಲ್ಲ ಎಂಬ ಮಾತು ಕಣ್ಣಿಗೆ ಬಿದ್ದ ಕೂಡಲೇ ಆ ಹಳೇ ತಾರೀಖುಗಳೆಲ್ಲ ಸಾಲಾಗಿ ಕಣ್ಮುಂದೆ ಬಂದವು. ಆದರೆ ನೀರು ಎಂಬ ಮಾತು ಆಗಲೇ ಎದ್ದುಬಿಟ್ಟಿತ್ತಲ್ಲ. ನೀರೇ ಇದ್ದರೂ ಇರಬಹುದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ, ಬಾಯಿ ಮುಚ್ಚಿಕೊಂಡೆ.

ಎದುರಿನ ಎಸ್‌ಟಿಡಿ ಬೂತಿನಿಂದ ಮಂಡ್ಯದ ಕೋರ್ಸಿನವರಿಗೆ ಫೋನ್ ಮಾಡಿದೆ. ಹಬ್ಬ ಕಳೆದ ಮೇಲೆ ತನ್ನಿ, ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಎಂದರು. ಬಂದು ಹೇಳಿದಾಗ ಮೇಷ್ಟ್ರು, "ಅಂಗಂದ್ರೇನಪ್ಪ?" ಎಂದು ಕೇಳಿದರು.

"ಒಳಗಿರೋದನ್ನೆಲ್ಲ ಒರೆಸಾಕಿ ಒಸದಾಗಿ ಮಾಡೋದು."

"ಎಲ್ಲ ಅಂದ್ರೆ ನಮ್ಮದೂವಾ?"

"ನಮ್ಮದೂವೆ."

ಅವರು ಕೊಡೆ ಕೈಗೆ ತೆಗೆದುಕೊಂಡರು. "ಬೇರೆ ಯಾರಾರು ಇದ್ದರೆ ಕರಕೊಂಡು ಓಗಪ್ಪ, ಈಗ್ಲೇ ಓಗವ" ಎಂದರು.

ಶ್ರೀರಂಗಪಟ್ಟಣದ ಕೋಟೆಯೊಳಗೆ ಒಬ್ಬ ಸಾಬರಿದ್ದರು. ರೇಡಿಯೋ, ಟಿವಿ ರಿಪೇರಿಯಿಂದ ಶುರು ಮಾಡಿ ಕಂಪ್ಯೂಟರಿಗೂ ಕೈ ಹಾಕಿದವರು. ಒಮ್ಮೆ ನಮ್ಮಲ್ಲಿಗೆ ಬಂದು ಫ್ಯಾನ್ ಬದಲಿಸಿ ಹೋಗಿದ್ದರು. ಹಬ್ಬದ ದಿನ ಅಂಗಡಿ ತೆಗೆದಿದ್ದರೆ ಅವರೇ ತೆಗೆದಿರಬೇಕು. ಪರದೆ ಬಿಟ್ಟು ಕಂಪ್ಯೂಟರಿನ ಡಬ್ಬವನ್ನಷ್ಟೇ ಜಮಖಾನದಲ್ಲಿ ಸುತ್ತಿ ನಾವಿಬ್ಬರೂ ಹೊರಟೆವು. ವಿಜಯದಶಮಿ ದಿನದ ಬಸ್ಸು ಹೇಗಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬಾಳೆಕಂಬ ಕಟ್ಟಿಕೊಂಡ ಬಸ್ಸಿನ ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಎಲ್ಲರೂ ಜಂಬೂಸವಾರಿಗೆ ಹೋಗುವವರು. ಪುಣ್ಯಾತ್ಮನೊಬ್ಬ ಮೇಷ್ಟ್ರನ್ನು ನೋಡಿ ಎದ್ದು ಜಾಗ ಕೊಟ್ಟ. ಡಬ್ಬವನ್ನು ಅವರ ತೊಡೆಯ ಮೇಲೆ ಇಟ್ಟು ನಾನು ಪಕ್ಕದಲ್ಲಿ ಒತ್ತಿಕೊಂಡು ನಿಂತೆ. "ಅದೇನ್ರಜ್ಜ, ಪೆಟ್ಟಿಗೇಲಿ ಕೋಳಿಯಾ?" ಎಂದು ಯಾರೋ ಕೇಳಿದರು. ಮೇಷ್ಟ್ರು ನಗಲಿಲ್ಲ. ಬಸ್ಸು ಕುಕ್ಕಿದಾಗಲೆಲ್ಲ ಎರಡೂ ಕೈಯಿಂದ ಡಬ್ಬವನ್ನು ಎತ್ತಿ ಹಿಡಿಯುತ್ತಿದ್ದರು.

ಸ್ವಲ್ಪ ದೂರ ಹೋದ ಮೇಲೆ, "ಬರಕೊ, ಮತ್ತೆ ಯೋಳ್ತೀನಿ" ಎಂದರು. ಜೇಬಿನಲ್ಲಿ ಕಾಗದವಿರಲಿಲ್ಲ, ಸುಮ್ಮನೆ ಹೂಂ ಎಂದೆ. ಮೊದಲ ಅಧ್ಯಾಯದಿಂದ ಶುರು ಮಾಡಿದರು. ಊರ ಮುಂದಿನ ನಾಲ್ಕು ಗದ್ದೆಗಳ ಹೆಸರು ಬಂತು. ಎರಡರ ಕತೆ ಬಂತು. ಮೂರನೆಯದಕ್ಕೆ ತಡವರಿಸಿದರು. "ಎಮ್ಮೆ ಮಡ... ಎಮ್ಮೆ ಮಡಕ್ಕೆ ಆ ಎಸ್ರು ಯಾಕೆ ಬಂತು? ನಿಂಗೆ ಗ್ಯಾಪಕ ಅದಾ?" ಎಂದರು. ನನಗಿರಲಿಲ್ಲ. ಮೊಳೆ ಜೋಡಿಸುವವನು ಅಕ್ಷರ ನೋಡುತ್ತಾನೆ, ಮಾತು ಕೇಳುವುದಿಲ್ಲ. "ಯೋಳಿ ಆದ್ ಮೇಲೆ ತಲೆಯಿಂದ ಇಳಿದೋಗ್ಬುಟ್ಟದೆ. ಅಲ್ಲಿ ಅದೆಯಲ್ಲ ಅಂತ ನಾನು ಇಲ್ಲಿ ಬುಟ್ಬುಟ್ಟೆ" ಎಂದರು.

ಕಿರಂಗೂರು ಹತ್ತಿರ ಬಂದಾಗ ಅವರು ಇನ್ನೊಂದು ಮಾತು ಹೇಳಿದರು. "ನೀನು ಅವತ್ತು ಬೈದದ್ದು ಸರಿ ಕಣಪ್ಪ. ಕಣ್ಣಿಲ್ದೋನು ಕೈ ಆಡಿಸಬಾರ್ದು. ಇನ್ಮೇಲೆ ಮನೇಲಿ ಒಂದು ತಾವ ಕುಂತ್ಕತೀನಿ."

ಆಗಲಾದರೂ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಸುತ್ತ ಜನ, ಕಂಡಕ್ಟರನ ಕೂಗು, ಇಳಿದ ಮೇಲೆ ಹೇಳೋಣ ಎಂದುಕೊಂಡೆ. ಇಳಿದ ಮೇಲೆ ಡಬ್ಬ ಹೊರುವುದಾಯಿತು. ಹೇಡಿಗೆ ನೆಪ ಸಾವಿರ ಸಿಗುತ್ತವೆ, ನಾನು ಅವತ್ತು ಶುದ್ಧ ಹೇಡಿ.

ಸಾಬರ ಅಂಗಡಿ ತೆಗೆದಿತ್ತು. ನೀರು ಬಿತ್ತೆಂದು ಮೇಷ್ಟ್ರೇ ಹೇಳಿದರು. ಸಾಬರು ಡಬ್ಬದ ಮುಚ್ಚಳ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದರು, ಬೆರಳು ಆಡಿಸಿ ನೋಡಿದರು. "ಅರೆ, ನೀರು ಎಲ್ಲಿದೆ ಮೇಷ್ಟ್ರೇ? ಒಳಗೆ ಒಂದು ಹನಿ ಇಳಿದಿಲ್ಲ, ದೂಳು ಕೂಡ ಒಣಗಿದ್ದು ಹಾಗೇ ಇದೆ" ಎಂದರು. ತಮ್ಮ ಮಾನಿಟರಿಗೆ ಸಿಕ್ಕಿಸಿ ಸ್ವಿಚ್ ಹಾಕಿದರು. ಅದೇ ಎರಡು ಸಾಲು ಬಂತು. ತಲೆಯಾಡಿಸಿ, ಡ್ರಾಯರಿನಿಂದ ಒಂದು ಫ್ಲಾಪಿ ತೆಗೆದು ತೂರಿಸಿದರು. ಅದರಲ್ಲಿ ಡಾಸ್ ಇತ್ತು. ಡಬ್ಬದೊಳಗೆ ಇಲ್ಲದ ಡಾಸನ್ನು ಫ್ಲಾಪಿಯಿಂದ ಎರವಲು ಪಡೆದು ಕಂಪ್ಯೂಟರ್ ಎದ್ದಿತು. ಸಾಬರು ಒಳಗಿನ ಪಟ್ಟಿ ತರಿಸಿ ನೋಡಿದರು.

"ಇದು ಕೆಟ್ಟಿರೋದಲ್ಲ ಸಾಬ್. ಸಿಸ್ಟಮ್ ಫೈಲೇ ಇಲ್ಲ. ಯಾರೋ ಕೂತು ಅಳಿಸಿದಾರೆ."

ನಾನು ಬಾಯಿ ತೆರೆಯುವುದರೊಳಗೆ ಮೇಷ್ಟ್ರು, "ಅದೂ ನಾನೇ ಇರಬೇಕು. ಕುಂಕುಮ ಇಡುವಾಗ ಕೀಲಿ ಮೇಲೆ ಕೈ ಊರಿದ್ದೆ" ಎಂದರು.

ಆ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. "ನೀವಲ್ಲ ಮೇಷ್ಟ್ರೇ. ನಾನು. ಪೂಜೆ ಮುಂಚಿನ ದಿನ ಚೊಕ್ಕಟ ಮಾಡ್ತೀನಿ ಅಂತ ಕುಂತು ನಾನೇ ಅಳಿಸ್ದೆ" ಎಂದೆ. ದನಿ ಅಂಗಡಿಗೆಲ್ಲ ಕೇಳಿಸುವಷ್ಟು ಜೋರಾಗಿ ಬಂತು.

ಮೇಷ್ಟ್ರು ನನ್ನ ಕಡೆ ತಿರುಗಿದರು. ಕಿಂಡಿಯಲ್ಲಿ ನನ್ನ ಮುಖ ಸಿಗುವ ತನಕ ತಲೆಯನ್ನು ಅತ್ತ ಇತ್ತ ಆಡಿಸಿದರು.

"ಯಾವಾಗ ಗೊತ್ತಾಯ್ತು ನಿಂಗೆ?"

"ಬೆಳಿಗ್ಗೆ."

"ಬಸ್ಸಲ್ಲಿ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಅಷ್ಟು ಮಾತಾಡ್ತಿದ್ದೆ. ಸುಮ್ಕೆ ನಿಂತಿದ್ಯೇನ್ಲಾ?"

ಅದುವರೆಗೆ ಅವರು ನನಗೆ ಅಪ್ಪ ಎನ್ನದೆ ಮಾತಾಡಿದವರಲ್ಲ. ಬೈದಿದ್ದರೆ, ಕೊಡೆಯಲ್ಲಿ ಎರಡು ಬಾರಿಸಿದ್ದರೆ ಚೆನ್ನಾಗಿತ್ತು. ಅವರು ಹೊರಗೆ ಹೋಗಿ ಅಂಗಡಿಯ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂತರು. ಸಾಬರು ನನ್ನ ಮುಖ ನೋಡದೆ, "ಬನ್ನಿ, ಫೈಲು ನೋಡೋಣ" ಎಂದರು.

ಪುಸ್ತಕದ ಫೋಲ್ಡರ್ ಇತ್ತು. ಸಾಬರು ತೆರೆದರು. ಎರಡನೇ ಅಧ್ಯಾಯ, ಮೂರು, ನಾಲ್ಕು, ಒಂಬತ್ತರವರೆಗೂ ಇವೆ. ಒಂದು ಇಲ್ಲ. ಮತ್ತೆ ನೋಡಿದೆವು. ಇಲ್ಲ. ಆಗ ನನಗೆ ನೆನಪಾಯಿತು. ಕೋರ್ಸು ಮುಗಿಸಿ ಬಂದ ಹೊಸತರಲ್ಲಿ ಬೇರೆ ಫೋಲ್ಡರ್ ಮಾಡಿಕೊಳ್ಳುವ ಬುದ್ಧಿ ನನಗೆ ಬಂದಿರಲಿಲ್ಲ. ಮೊದಲ ಅಧ್ಯಾಯವನ್ನು ಆ ಮೈಸೂರಿನ ಆಫೀಸಿನವರ ಫೋಲ್ಡರಿನಲ್ಲೇ ಉಳಿಸಿದ್ದೆ. ಖಂಡಿತವೇ ಎಂದು ಅದು ಕೇಳಿದ್ದು, ಖಂಡಿತ ಎಂದು ನಾನು ಹೇಳಿದ್ದು ಅದೇ ಫೋಲ್ಡರಿಗೆ.

ಸಾಬರು ಗಡ್ಡ ಕೆರೆದುಕೊಂಡರು. "ಅಳಿಸಿದ ಮೇಲೆ ಏನಾದ್ರೂ ಟೈಪ್ ಮಾಡಿದ್ರಾ?"

"ಇಲ್ಲ. ಆರಿಸಿದೆ. ಮಾರನೇ ದಿನ ಪೂಜೆ, ಯಾರೂ ಮುಟ್ಟಿಲ್ಲ."

"ಹಾಗಾದ್ರೆ ಸಿಗಬಹುದು. ಬೇರೆ ದಿನ ಆಗಿದ್ರೆ ಆರಿಸದೇ ಕೆಲಸ ಮಾಡ್ತಾ ಹೋಗ್ತಿದ್ರಿ, ಅದರ ಮೇಲೇ ಬರೆದು ಹಾಳಾಗ್ತಿತ್ತು." ಹೊರಗೆ ಮುಖ ಮಾಡಿ, "ಮೇಷ್ಟ್ರೇ, ನಿಮ್ಮ ಪೂಜೆಯಿಂದ ಬಚಾವು!" ಎಂದು ಕೂಗಿದರು.

ಅಳಿಸುವುದೆಂದರೆ ಏನೆಂದು ನನಗೆ ಅವತ್ತು ತಿಳಿಯಿತು. ಡಾಸು ಫೈಲನ್ನು ನಿಜವಾಗಿ ಒರೆಸುವುದಿಲ್ಲವಂತೆ. ಅದರ ಹೆಸರಿನ ಮೊದಲನೇ ಅಕ್ಷರವನ್ನಷ್ಟೇ ಕಿತ್ತು, ಈ ಜಾಗ ಖಾಲಿ ಎಂದು ಗುರುತು ಹಾಕುತ್ತದೆ. ಒಳಗಿನದು ಬೇರೆಯದು ಬಂದು ಕೂರುವ ತನಕ ಅಲ್ಲೇ ಇರುತ್ತದೆ. ಹೋದ ಅಕ್ಷರವನ್ನು ಮತ್ತೆ ಕೊಟ್ಟರೆ ಫೈಲು ಎದ್ದು ಬರುತ್ತದೆ. ಸಾಬರ ಇನ್ನೊಂದು ಫ್ಲಾಪಿಯಲ್ಲಿ ಅದಕ್ಕೆ ಬೇಕಾದ ಸಲಕರಣೆ ಇತ್ತು. ಅವರು ಎದ್ದು ನನ್ನನ್ನು ಕುರ್ಚಿಗೆ ಕೂರಿಸಿದರು. "ಅಳಿಸಿದ ಕೈನೇ ಕೊಡಲಿ" ಎಂದರು.

ಮೊದಲು ಪುಸ್ತಕದ್ದು. ತಲೆಯಿಲ್ಲದ ಒಂದು ಹೆಸರು ಬಂತು, ಅಕ್ಷರ ಕೊಡು ಎಂದಿತು. ಕೊಟ್ಟೆ. ಬಂತು. ಪೂರ್ತಿ ಬರಲಿಲ್ಲ. ನಾನು ಆಗಾಗ ತಿದ್ದಿ ಉಳಿಸಿದ್ದರಿಂದ ಅದು ತುಂಡುತುಂಡಾಗಿ ಬೇರೆ ಬೇರೆ ಜಾಗದಲ್ಲಿ ಕೂತಿತ್ತಂತೆ. ನಡುವಿನ ಒಂದು ಪುಟದಲ್ಲಿ ಮೈಸೂರಿನವರ ಯಾವುದೋ ಕಾಗದದ ಚೂರು ಬಂದು ಸೇರಿಕೊಂಡಿತ್ತು. ಮಿಕ್ಕದ್ದೆಲ್ಲ ಇತ್ತು. ಸಾಬರು ಒಂಬತ್ತೂ ಅಧ್ಯಾಯವನ್ನು ಎರಡು ಫ್ಲಾಪಿಗೂ ಇಳಿಸಿ, "ಒಂದು ಪ್ರೆಸ್ಸಲ್ಲಿ, ಒಂದು ಮನೆಯಲ್ಲಿ. ಗೊತ್ತಾಯ್ತಾ?" ಎಂದು ಕೈಗಿಟ್ಟರು. ಆಮೇಲೆ ಸಿಸ್ಟಮ್ ಫೈಲುಗಳ ಸರದಿ. ತಮ್ಮ ಕಂಪ್ಯೂಟರಿನಲ್ಲಿದ್ದ ಪಟ್ಟಿ ಅವರು ಓದಿದರು, ನಾನು ಒಂದೊಂದಕ್ಕೂ ಅಕ್ಷರ ಕೊಟ್ಟೆ. ನಾನು ಸಿಟ್ಟುಮಾಡಿಕೊಂಡು ಅಳಿಸಿದ ಆ ಬಚ್ಚಿಟ್ಟ ಫೈಲುಗಳು ಇದ್ದ ಜಾಗದಲ್ಲೇ ಇರಬೇಕಂತೆ, ಇಲ್ಲದಿದ್ದರೆ ಕಂಪ್ಯೂಟರ್ ಏಳುವುದಿಲ್ಲ. ನನ್ನಂಥವರ ಕೈಗೆ ಸಿಗಬಾರದೆಂದೇ ಬಚ್ಚಿಟ್ಟಿದ್ದು. ಅವನ್ನು ಮಾತ್ರ ಫ್ಲಾಪಿಯಿಂದ ಹೊಸದಾಗಿ ಹಾಕಿಸಿದರು, ಅದಕ್ಕೊಂದು ಅಪ್ಪಣೆಯಿದೆ. ಫ್ಲಾಪಿ ಹೊರತೆಗೆದು ಸ್ವಿಚ್ ಆರಿಸಿ ಹಾಕಿದರು. ಡಬ್ಬ ತಾನಾಗಿಯೇ ಎದ್ದಿತು.

ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಮೇಷ್ಟ್ರ ಪಕ್ಕ ಕೂತು, ಏನು ಸಿಕ್ಕಿತು, ಏನು ಹೋಯಿತು ಎಲ್ಲವನ್ನೂ ಹೇಳಿದೆ. ಹೋದದ್ದು ಎಮ್ಮೆ ಮಡದ ಕತೆ. ಹೇಳಿದ ಮುದುಕ ತೀರಿಕೊಂಡು ಆಗಲೇ ಎರಡು ವರ್ಷ, ಬರೆದ ಹಾಳೆಯಿಂದ ಮಸಿ ಒರೆಸಿದ್ದೆ. ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. ಬರಲಿಲ್ಲ. "ಎಸ್ರು ಮಾತ್ರ ಹಾಕು. ಕೆಳಗೆ ಜಾಗ ಬುಡು" ಎಂದರು. ಅರಕೆರೆ ಬಸ್ಸಿಗೆ ಹತ್ತಿಸುವಾಗ ನಾನು ಕೈ ಹಿಡಿಯಲು ಹೋದೆ. ಅವರು ಕೈ ಬಿಡಿಸಿಕೊಂಡು ಕೊಡೆ ಊರಿ ತಾವೇ ಹತ್ತಿದರು.

ಎರಡು ವಾರ ಬರಲಿಲ್ಲ. ಬರುವುದಿಲ್ಲವೆಂದೇ ತಿಳಿದಿದ್ದೆ. ಯಜಮಾನರಿಗೂ ನಡೆದದ್ದನ್ನು ಹೇಳಿದ್ದೆ. ಅವರು ಅಷ್ಟೇನೂ ರೇಗಲಿಲ್ಲ, "ಇನ್ನು ಒಳಗೆಲ್ಲ ಕ್ಲೀನ್ ಮಾಡ್ಬೇಡ ಮಾರಾಯ" ಎಂದರು. ಮೂರನೇ ಸೋಮವಾರ ಮೇಷ್ಟ್ರು ಬಂದು, ಏನೂ ನಡೆದಿಲ್ಲವೆಂಬಂತೆ ಕೂತು, ಕೊನೆಯ ಅಧ್ಯಾಯ ಹೇಳಿ ಮುಗಿಸಿದರು. ಸಂಕ್ರಾಂತಿ ಕಳೆದು ಪುಸ್ತಕ ಬಂತು. ಅವರು ಅದನ್ನು ಮುಖದ ಹತ್ತಿರ ಹಿಡಿದು, ಕಿಂಡಿಯೊಳಗೆ ತಂದುಕೊಂಡು, ರಟ್ಟು ನೋಡಿದರು. ಆಮೇಲೆ ಎಮ್ಮೆ ಮಡದ ಪುಟ ತೆಗೆಸಿ ಖಾಲಿ ಜಾಗವನ್ನೂ ನೋಡಿದರು. ನನಗೆ ಒಂದು ಪ್ರತಿ ಕೊಟ್ಟರು. ಮತ್ತೆ ಅಪ್ಪ ಎಂದೇ ಕರೆಯುತ್ತಿದ್ದರು, ನನಗೆ ಅದೇ ದೊಡ್ಡದು.

ಮುಂದಿನ ಆಯುಧಪೂಜೆ ಹೊತ್ತಿಗೆ ಅವರ ಕಿಂಡಿ ಮುಚ್ಚಿತ್ತು. ನಾನೇ ಅರಕೆರೆಗೆ ಹೋಗಿ ಕರೆದುಕೊಂಡು ಬಂದೆ. ಯಜಮಾನರು ಚೊಂಬು ಹಿಡಿದುಕೊಂಡು ಬಂದರೆ ಮೇಷ್ಟ್ರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. "ಬ್ಯಾಡಪ್ಪ. ನಾನು ಕುಂತ್ಕಂಡು ಕೈ ಮುಗಿತೀನಿ" ಎಂದರು. ನಾನು ಹೋಗಿ ಅವರ ಬಲಗೈ ಬಿಡಿಸಿ ಮಾವಿನ ಸೊಪ್ಪು ಕೊಟ್ಟೆ. ಮಣಿಕಟ್ಟು ಹಿಡಿದು ಟ್ರೆಡಲ್ಲಿನ ಹತ್ತಿರ ಕರೆದೊಯ್ದೆ, ಕಟಿಂಗ್ ಮಿಷನ್ನಿನ ಹತ್ತಿರ ಕರೆದೊಯ್ದೆ. ಕಂಪ್ಯೂಟರಿನ ಮುಂದೆ ಬಂದದ್ದು ಅದರ ಫ್ಯಾನಿನ ಸದ್ದಿಲ್ಲದೆಯೂ ಅವರಿಗೆ ಗೊತ್ತಾಯಿತು. ಕೈ ಬಿಗಿಯಾಯಿತು. ನಾನು ಬಿಡಲಿಲ್ಲ, ಚೊಂಬಿನಲ್ಲಿ ಅದ್ದಿಸಿದೆ. ಅವರು ಹೆದರಿ ಹೆದರಿ ಒಂದು ಸಲ ಒದರಿದರು. ಡಬ್ಬದ ಮೇಲೆ ನಾಲ್ಕಾರು ಹನಿ ಬಿದ್ದವು.

"ಜಾಸ್ತಿ ಬಿತ್ತೇನಪ್ಪಾ?" ಎಂದರು.

"ಇಲ್ಲ ಮೇಷ್ಟ್ರೇ, ಸಾಲದು. ಇನ್ನೊಂಚೂರು ಆಕಿ" ಎಂದೆ.